ಅರವತ್ತರ ಆಚೆ ಗಾಲ್ಫ್

ಐವತ್ತೈದು, ಅರವತ್ತು ದಾಟಿದ ಮೇಲೆ ಗಾಲ್ಫ್ ಕೋಲು ಮೊದಲ ಸಲ ಕೈಗೆತ್ತಿಕೊಳ್ಳುವವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ನೌಕರಿಯಿಂದ ನಿವೃತ್ತರಾದವರು, ಮಕ್ಕಳು ದೂರದೂರಿಗೆ ಹೋದ ಮೇಲೆ ಮನೆಯಲ್ಲಿ ಇಬ್ಬರೇ ಉಳಿದ ದಂಪತಿಗಳು, ಮಂಡಿ ಸೋತು ಶಟಲ್ ಬ್ಯಾಡ್ಮಿಂಟನ್ ಬಿಟ್ಟವರು ಇವರಲ್ಲಿ ಹೆಚ್ಚು. ಕಬಡ್ಡಿಯನ್ನೋ ವಾಲಿಬಾಲನ್ನೋ ಆ ವಯಸ್ಸಿನಲ್ಲಿ ಹೊಸದಾಗಿ ಕಲಿಯುವ ಮಾತೇ ಇಲ್ಲ. ಗಾಲ್ಫ್ ಕಲಿಯಬಹುದು, ಕಲಿತು ಇಪ್ಪತ್ತು ವರ್ಷ ಆಡಲೂಬಹುದು. ಇಲ್ಲಿ ಚೆಂಡು ನೆಲದ ಮೇಲೆ ನಿಂತಿರುತ್ತದೆ, ಯಾರೂ ಅದನ್ನು ಮೈಮೇಲೆ ಎಸೆಯುವುದಿಲ್ಲ. ಓಡುವುದಿಲ್ಲ, ನೆಗೆಯುವುದಿಲ್ಲ. ಆಡುವವರು ತಮ್ಮ ಹೊತ್ತಿಗೆ ತಾವು ಹೊಡೆದು ಚೆಂಡಿನ ಹಿಂದೆ ನಡೆದು ಹೋಗುತ್ತಾರೆ.

ಪೂರ್ಣ ಮೈದಾನವೊಂದರಲ್ಲಿ 18 ಹೋಲ್‌ಗಳಿರುತ್ತವೆ. ಟೀ ಎಂಬ ಸಮತಟ್ಟು ಜಾಗದಿಂದ ಹೊರಟು, ಕತ್ತರಿಸಿದ ಹುಲ್ಲಿನ ಫೇರ್‌ವೇ ಹಾದು, ಜಮಖಾನೆಯಂತೆ ನುಣ್ಣಗಿರುವ ಗ್ರೀನ್ ಸೇರಿ ಅಲ್ಲಿನ ಕುಳಿಯಲ್ಲಿ ಚೆಂಡು ಬೀಳುವವರೆಗಿನ ಇಡೀ ಹಾದಿಗೆ ಹೋಲ್ ಎಂದೇ ಹೆಸರು. ಕುಳಿಯ ವ್ಯಾಸ 108 ಮಿ.ಮೀ. ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ, ತೂಕ 46 ಗ್ರಾಂ ಮುಟ್ಟುವಂತಿಲ್ಲ. ದಾರಿಯಲ್ಲಿ ಬಂಕರ್ ಎಂಬ ಮರಳು ಗುಂಡಿಗಳು, ಕೆರೆ, ಮರ, ಎತ್ತರದ ಹುಲ್ಲು. ನುರಿತವರು ಒಂದು ಹೋಲನ್ನು ಎಷ್ಟು ಹೊಡೆತದಲ್ಲಿ ಮುಗಿಸಬೇಕೆಂಬ ಲೆಕ್ಕವೇ ಪಾರ್. ಉದ್ದಕ್ಕೆ ತಕ್ಕಂತೆ ಅದು 3, 4 ಅಥವಾ 5 ಇರುತ್ತದೆ. ಒಟ್ಟು ಸಾಮಾನ್ಯವಾಗಿ 72ರ ಆಸುಪಾಸು. ಪಾರ್‌ಗಿಂತ ಒಂದು ಹೆಚ್ಚಾದರೆ ಬೋಗಿ, ಒಂದು ಕಡಿಮೆಯಾದರೆ ಬರ್ಡಿ. ಹೊಸಬರು ಮೊದಮೊದಲು 120, 130 ಹೊಡೆತ ತೆಗೆದುಕೊಂಡರೂ ಅದರಲ್ಲಿ ನಾಚಿಕೆಪಡುವುದು ಏನೂ ಇಲ್ಲ.

ಆಟದ ತವರು ಸ್ಕಾಟ್ಲೆಂಡ್. ಜನ ಬಿಲ್ವಿದ್ಯೆ ಬಿಟ್ಟು ಇದರ ಬೆನ್ನು ಹತ್ತಿದ್ದಾರೆಂದು 1457ರಲ್ಲಿ ಅಲ್ಲಿನ ಸಂಸತ್ತು ಗಾಲ್ಫನ್ನು ನಿಷೇಧಿಸಿತ್ತು. ಸೇಂಟ್ ಆಂಡ್ರ್ಯೂಸ್ ಮೈದಾನ 1764ರಲ್ಲಿ 22 ಹೋಲ್‌ಗಳನ್ನು 18ಕ್ಕೆ ಇಳಿಸಿತು. ಮುಂದೆ ಉಳಿದವರೂ ಅದನ್ನೇ ಅನುಸರಿಸಿದರು. ಬ್ರಿಟಿಷ್ ದ್ವೀಪಗಳ ಹೊರಗಿನ ಅತಿ ಹಳೆಯ ಗಾಲ್ಫ್ ಕ್ಲಬ್ 1829ರಲ್ಲಿ ಕಲ್ಕತ್ತದಲ್ಲಿ ಹುಟ್ಟಿತು. ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿರುವ ಬೆಂಗಳೂರು ಗಾಲ್ಫ್ ಕ್ಲಬ್ 1876ರದು.

ತಡವಾಗಿ ಈ ಆಟಕ್ಕೆ ಬಂದವರಲ್ಲಿ ಅಮೆರಿಕದ ತೈಲೋದ್ಯಮಿ ಜಾನ್ ಡಿ. ರಾಕ್‌ಫೆಲರ್ ಪ್ರಸಿದ್ಧರು. 1839ರಲ್ಲಿ ಹುಟ್ಟಿದ ಅವರು ಗಾಲ್ಫ್ ಹಿಡಿದದ್ದು 1899ರಲ್ಲಿ, ಅರವತ್ತರ ಹೊಸ್ತಿಲಲ್ಲಿ. ಆಮೇಲೆ ಅದು ಅವರ ದಿನಚರಿಯೇ ಆಯಿತು. ಹೊಡೆಯುವಾಗ ತಲೆ ಎತ್ತಿಬಿಡುವ ಅಭ್ಯಾಸ ತಪ್ಪಿಸಲು, ತಲೆ ತಗ್ಗಿಸಿ ಎಂದು ನೆನಪಿಸುವುದಕ್ಕಾಗಿಯೇ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದರು. ದಣಿವಾಗದಿರಲೆಂದು ಒಂದು ಹೊಡೆತದಿಂದ ಇನ್ನೊಂದಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ವಯಸ್ಸಾದಂತೆ ಆಡುವ ಹೋಲ್‌ಗಳ ಸಂಖ್ಯೆ ಇಳಿಸುತ್ತ ಹೋದರೇ ಹೊರತು ಆಟ ಬಿಡಲಿಲ್ಲ. ಚಳಿಗಾಲದಲ್ಲಿ ಫ್ಲಾರಿಡಾದ ಆರ್ಮಂಡ್ ಬೀಚಿನಲ್ಲಿ ನೆರೆಹೊರೆಯವರೊಂದಿಗೆ ಆಡುತ್ತಿದ್ದರು. ತೀರಿಕೊಂಡದ್ದು 1937ರಲ್ಲಿ, 97ನೇ ವಯಸ್ಸಿನಲ್ಲಿ. ಆ ಸಿರಿವಂತಿಕೆ ಎಲ್ಲರಿಗೂ ಇರದು. ಆದರೆ ಅರವತ್ತರಲ್ಲಿ ಕಲಿಕೆಗೆ ಇಳಿದು, ಶಕ್ತಿ ನೋಡಿಕೊಂಡು ಆಟವನ್ನು ಕಿರಿದು ಮಾಡಿಕೊಳ್ಳುತ್ತ ಹೋದ ಆ ಕ್ರಮ ಯಾರಿಗೂ ಒಗ್ಗುವಂಥದು.

ವಯಸ್ಸಾದವರ ಪಾಲಿಗೆ ಗಾಲ್ಫ್ ನಿಜವಾದ ಆಟವಾಗಿ ಉಳಿದಿರುವುದಕ್ಕೆ ಮುಖ್ಯ ಕಾರಣ ಹ್ಯಾಂಡಿಕ್ಯಾಪ್ ಎಂಬ ಏರ್ಪಾಡು. ಬೇರೆ ಆಟಗಳಲ್ಲಿ ಹಿರಿಯರನ್ನು ಸೇರಿಸಿಕೊಂಡವರು ಅವರಿಗಾಗಿ ಕೈ ತಡೆದು ಆಡುತ್ತಾರೆ, ಅದು ಹಿರಿಯರಿಗೂ ಗೊತ್ತಾಗುತ್ತದೆ. ಗಾಲ್ಫ್‌ನಲ್ಲಿ ಇಬ್ಬರೂ ಪೂರ್ತಿ ಶಕ್ತಿ ಹಾಕಿ ಆಡಬಹುದು, ಸ್ಪರ್ಧೆ ಸಮನಾಗಿಯೇ ನಡೆಯುತ್ತದೆ. ಆಟಗಾರನ ಇತ್ತೀಚಿನ 20 ಸುತ್ತುಗಳಲ್ಲಿ ಅತ್ಯುತ್ತಮ 8ರ ಆಧಾರದ ಮೇಲೆ ಅವನ ಹ್ಯಾಂಡಿಕ್ಯಾಪ್, ಅಂದರೆ ಅವನಿಗೆ ಸಿಗುವ ಹೊಡೆತಗಳ ರಿಯಾಯಿತಿ, ತೀರ್ಮಾನವಾಗುತ್ತದೆ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಗರಿಷ್ಠ ಮಿತಿ 54. ಒಟ್ಟು 54 ಹೋಲ್‌ಗಳ, ಅಂದರೆ ಮೂರು ಪೂರ್ಣ ಸುತ್ತುಗಳ ಅಂಕಪಟ್ಟಿ ಸಲ್ಲಿಸಿದರೆ ಹೊಸಬರಿಗೂ ಹ್ಯಾಂಡಿಕ್ಯಾಪ್ ಸಿಗುತ್ತದೆ.

ಇದು ಕೆಲಸ ಮಾಡುವ ಬಗೆಗೆ ಒಂದು ಉದಾಹರಣೆ. ಮಾವನಿಗೆ 66 ವರ್ಷ, ಹ್ಯಾಂಡಿಕ್ಯಾಪ್ 28; ಅಳಿಯನಿಗೆ 35 ವರ್ಷ, ಹ್ಯಾಂಡಿಕ್ಯಾಪ್ 10 ಎಂದುಕೊಳ್ಳಿ. ವ್ಯತ್ಯಾಸ 18. ಆದ್ದರಿಂದ ಇಬ್ಬರೂ ಎದುರುಬದುರಾಗಿ ಆಡುವಾಗ ಪ್ರತಿ ಹೋಲಿನಲ್ಲೂ ಮಾವನಿಗೆ ಒಂದು ಹೊಡೆತದ ರಿಯಾಯಿತಿ. ಪಾರ್ 4ರ ಹೋಲನ್ನು ಅಳಿಯ 5ರಲ್ಲಿ, ಮಾವ 6ರಲ್ಲಿ ಮುಗಿಸಿದರೆ ಸಮ. ಮಾವನೂ 5ರಲ್ಲಿ ಮುಗಿಸಿದರೆ ಆ ಹೋಲ್ ಮಾವನದು. ಅಳಿಯನ ಚೆಂಡು 250 ಗಜ ಹಾರಲಿ, ಮಾವನದು 160ಕ್ಕೇ ನಿಲ್ಲಲಿ, ಗೆಲುವು ಯಾರ ಕಡೆಗೂ ವಾಲಬಹುದು. ಗೆದ್ದವರಿಗೆ ಅದು ದಯೆಯಿಂದ ಬಿಟ್ಟುಕೊಟ್ಟ ಗೆಲುವೆಂಬ ಅಳುಕು ಇರುವುದಿಲ್ಲ.

ಹೊಸಬರಿಗೆ ಇನ್ನೂ ಹಿತವಾದದ್ದು ಸ್ಟೇಬಲ್‌ಫರ್ಡ್ ಎಂಬ ಅಂಕಪದ್ಧತಿ. ಡಾ. ಫ್ರಾಂಕ್ ಸ್ಟೇಬಲ್‌ಫರ್ಡ್ ಎಂಬ ವೈದ್ಯರು ಇದನ್ನು ರೂಪಿಸಿದರು; 1932ರಲ್ಲಿ ಇಂಗ್ಲೆಂಡಿನ ವಾಲಸಿ ಕ್ಲಬ್ಬಿನಲ್ಲಿ ಇದರ ಪ್ರಕಾರ ಸ್ಪರ್ಧೆ ನಡೆಯಿತು. ಹ್ಯಾಂಡಿಕ್ಯಾಪ್ ಕಳೆದ ಮೇಲೆ ಬೋಗಿಗೆ 1 ಅಂಕ, ಪಾರ್‌ಗೆ 2, ಬರ್ಡಿಗೆ 3. ಬೋಗಿಗಿಂತ ಕೆಟ್ಟದಾಗಿ ಆಡಿದರೆ ಸೊನ್ನೆ, ಅಷ್ಟೇ. ಮೇಲಿನ ಮಾವನಿಗೆ ಕಷ್ಟದ ಹತ್ತು ಹೋಲ್‌ಗಳಲ್ಲಿ ಎರಡೆರಡು, ಉಳಿದ ಎಂಟರಲ್ಲಿ ಒಂದೊಂದು ಹೊಡೆತ ಮಾಫಿ. ಕಷ್ಟದ ಪಾರ್ 4ರಲ್ಲಿ 6 ಹೊಡೆದರೆ ಲೆಕ್ಕಕ್ಕೆ 4, ಎರಡು ಅಂಕ. ಅದೇ ಹೋಲಿನಲ್ಲಿ ಚೆಂಡು ಬಂಕರಿಗೆ ಬಿದ್ದು ಏಳು ಹೊಡೆತ ದಾಟಿದರೆ ಅಂಕ ಬರುವುದಿಲ್ಲ. ಆಗ ಚೆಂಡನ್ನು ಜೇಬಿಗೆ ಹಾಕಿಕೊಂಡು ಮುಂದಿನ ಟೀಗೆ ನಡೆದರಾಯಿತು. ಒಂದು ಕೆಟ್ಟ ಹೋಲ್ ಇಡೀ ಬೆಳಗನ್ನು ಹಾಳು ಮಾಡುವುದಿಲ್ಲ. ತನ್ನ ಹ್ಯಾಂಡಿಕ್ಯಾಪ್‌ಗೆ ಸರಿಯಾಗಿ ಆಡಿದವರಿಗೆ ಒಟ್ಟು 36 ಅಂಕ ಸೇರುತ್ತದೆ.

ಗಾಲ್ಫ್ ಸ್ನೇಹಕ್ಕೆ ಒಗ್ಗುವ ಆಟವೆಂಬ ಮಾತಿಗೂ ಲೆಕ್ಕದ ಆಧಾರವಿದೆ. ನಾಲ್ವರ ತಂಡಕ್ಕೆ 18 ಹೋಲ್ ಮುಗಿಸಲು ನಾಲ್ಕು ಗಂಟೆಗೂ ಹೆಚ್ಚು ಬೇಕು. ಒಂದು ಹೊಡೆತಕ್ಕೆ 40 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂಬುದು ನಿಯಮಾವಳಿಯ ಸಲಹೆ. ನೂರು ಹೊಡೆತ ಎಂದಿಟ್ಟುಕೊಂಡರೂ ಒಬ್ಬರು ಆಟದಲ್ಲಿ ಮುಳುಗಿರುವುದು ಒಂದು ಗಂಟೆಗೆ ತುಸು ಹೆಚ್ಚು. ಮಿಕ್ಕದ್ದೆಲ್ಲ ನಡಿಗೆ, ಮಾತು, ಬೇರೆಯವರ ಹೊಡೆತ ನೋಡುವುದು, ಹುಲ್ಲಿನಲ್ಲಿ ಯಾರದೋ ಚೆಂಡು ಹುಡುಕುವುದು. ಎದುರುಬದುರು ಕುರ್ಚಿ ಹಾಕಿಕೊಂಡು ಕೂತರೆ ಬಾಯಿ ಬಿಡದವರೂ ಪಕ್ಕಪಕ್ಕ ನಡೆಯುವಾಗ ಮಾತಾಡುತ್ತಾರೆ. ಪಿಂಚಣಿ, ಸಕ್ಕರೆ ಕಾಯಿಲೆ, ವಿದೇಶದ ಮೊಮ್ಮಗು, ಈಚೆಗೆ ತೀರಿಹೋದ ಗೆಳೆಯ, ಎಲ್ಲವೂ ಒಂದು ಹೋಲಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬಂದು ಹೋಗುತ್ತವೆ. ಮಾತು ಭಾರವಾಯಿತು ಎನ್ನುವ ಹೊತ್ತಿಗೆ ಹೊಡೆಯುವ ಸರದಿ ಬಂದಿರುತ್ತದೆ. ನಿವೃತ್ತಿಯ ನಂತರ ಕಚೇರಿಯ ಒಡನಾಟ ಥಟ್ಟನೆ ನಿಂತುಹೋಗುವವರಿಗೆ, ವಾರದಲ್ಲಿ ನಿಗದಿಯಾದ ಒಂದು ಬೆಳಗ್ಗೆ ತನಗಾಗಿ ಮೂವರು ಕಾಯುತ್ತಿರುತ್ತಾರೆ ಎಂಬುದೇ ದೊಡ್ಡ ಸಂಗತಿ. ಬ್ರಿಟನ್, ಆಸ್ಟ್ರೇಲಿಯಗಳ ಕ್ಲಬ್ಬುಗಳಲ್ಲಿ ಹಿರಿಯರಿಗೆಂದೇ ವಿಭಾಗಗಳಿದ್ದು, ವಾರದ ನಡುವಿನ ಬೆಳಗ್ಗೆಗಳಲ್ಲಿ ಅವರ ಆಟ ನಡೆಯುತ್ತದೆ. ಒಂಟಿಯಾಗಿ ಬಂದವರನ್ನು ಮೂವರಿರುವ ತಂಡಕ್ಕೆ ಸೇರಿಸುವುದು ಹಲವೆಡೆಯ ವಾಡಿಕೆ, ಆದ್ದರಿಂದ ಮೊದಲೇ ಜೊತೆಗಾರರಿರಬೇಕೆಂದೇನೂ ಇಲ್ಲ.

ದಂಪತಿಗಳಿಗೆ, ಈಗಷ್ಟೇ ಕಲಿತವರಿಗೆ ಸ್ಕ್ರ್ಯಾಂಬಲ್ ಎಂಬ ಬಗೆ ಚೆನ್ನ. ತಂಡದ ಎಲ್ಲರೂ ಹೊಡೆಯುತ್ತಾರೆ; ಯಾರ ಚೆಂಡು ಒಳ್ಳೆಯ ಜಾಗದಲ್ಲಿದೆಯೋ ಅಲ್ಲಿಂದಲೇ ಎಲ್ಲರ ಮುಂದಿನ ಹೊಡೆತ. ದೂರ ಹೊಡೆಯಲಾಗದ ಹಿರಿಯ ಮಹಿಳೆಯೊಬ್ಬರು ಕೊನೆಯಲ್ಲಿ ಕುಳಿಗೆ ಉರುಳಿಸಿದ ಎರಡು ಮೀಟರಿನ ಚೆಂಡು ಇಡೀ ತಂಡವನ್ನು ಗೆಲ್ಲಿಸಬಲ್ಲದು.

ಆರೋಗ್ಯದ ಮಾತು ಬಂದಾಗ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ 2008ರ ಅಧ್ಯಯನವನ್ನು ಉಲ್ಲೇಖಿಸುವುದುಂಟು. ಸುಮಾರು 3 ಲಕ್ಷ ಗಾಲ್ಫ್ ಆಟಗಾರರ ದಾಖಲೆಗಳನ್ನು ಅದೇ ವಯಸ್ಸು, ಲಿಂಗ, ಆರ್ಥಿಕ ಸ್ಥಿತಿಯ ಇತರರೊಂದಿಗೆ ಹೋಲಿಸಿದಾಗ ಆಟಗಾರರಲ್ಲಿ ಸಾವಿನ ಪ್ರಮಾಣ ಶೇ. 40ರಷ್ಟು ಕಡಿಮೆ ಕಂಡಿತು. ಇದನ್ನು ಎಚ್ಚರದಿಂದ ಓದಬೇಕು. ಮೊದಲೇ ಗಟ್ಟಿಮುಟ್ಟಾದವರು ಮೈದಾನಕ್ಕೆ ಬರುವುದು ಹೆಚ್ಚು, ಎಲ್ಲ ಶ್ರೇಯಸ್ಸೂ ಆಟದ್ದೇ ಎನ್ನಲಾಗದು. ಅನುಮಾನವಿಲ್ಲದ ಸಂಗತಿ ಎಂದರೆ ನಡಿಗೆ: ಗಾಡಿ ಹತ್ತದೆ 18 ಹೋಲ್ ಆಡಿದವರು 8ರಿಂದ 10 ಕಿ.ಮೀ. ನಡೆದಿರುತ್ತಾರೆ, ಅದೂ ಏರಿಳಿತದ ಹುಲ್ಲುನೆಲದ ಮೇಲೆ. ಪಾರ್ಕಿನಲ್ಲಿ ಮೂರು ಸುತ್ತು ಹಾಕುವಷ್ಟರಲ್ಲಿ ಬೇಸರಪಡುವವರು ಇಲ್ಲಿ ದೂರವನ್ನೇ ಮರೆತಿರುತ್ತಾರೆ.

ಅಪಾಯಗಳೂ ಇವೆ. ಹೆಚ್ಚು ಪೆಟ್ಟಾಗುವುದು ಕೆಳಬೆನ್ನಿಗೆ, ಆಮೇಲೆ ಮೊಣಕೈ, ಮಣಿಕಟ್ಟು, ಭುಜಗಳಿಗೆ. ಕೋಲು ಬೀಸುವಾಗ ಬೆನ್ನುಮೂಳೆ ತಿರುಚಿಕೊಳ್ಳುತ್ತದೆ. ವಯಸ್ಸಾದಂತೆ ಸೊಂಟ ಮತ್ತು ಎದೆಭಾಗದ ತಿರುಗುವಿಕೆ ಕಡಿಮೆಯಾಗಿರುವುದರಿಂದ ಭಾರ ಕೆಳಬೆನ್ನಿನ ಮೇಲೆ ಬೀಳುತ್ತದೆ. ಟಿ.ವಿ.ಯಲ್ಲಿ ಕಾಣುವ ಇಪ್ಪತ್ತರ ಹುಡುಗರಂತೆ ಬೀಸಲು ಹೋಗಬಾರದು. ಬಲಗೈ ಆಟಗಾರರು ಎಡ ಪಾದವನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ನಿಂತು, ಕೋಲು ಹಿಂದಕ್ಕೆ ಹೋಗುವಾಗ ಎಡ ಹಿಮ್ಮಡಿ ಏಳುವುದಕ್ಕೆ ಬಿಟ್ಟರೆ ಸೊಂಟ ಸಲೀಸಾಗಿ ತಿರುಗುತ್ತದೆ, ಮಂಡಿಗೂ ನಿರಾಳ. ಆಟಕ್ಕೆ ಮುಂಚೆ ಹತ್ತು ನಿಮಿಷ ಮೈ ಬೆಚ್ಚಗೆ ಮಾಡಿಕೊಳ್ಳುವುದನ್ನು ತಪ್ಪಿಸಲೇಬಾರದು. ಹೃದ್ರೋಗ, ಬಿ.ಪಿ., ಮೂಳೆ ಸವೆತ ಇರುವವರು, ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಚೀಲದಲ್ಲಿ ತಿನ್ನಲು ಏನಾದರೂ ಇಟ್ಟುಕೊಂಡಿರಬೇಕು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದೊಡನೆ ಆಟ ನಿಲ್ಲಿಸಿ ಕಟ್ಟಡದೊಳಗೆ ಸೇರಬೇಕು. ಬಯಲಲ್ಲಿ ಲೋಹದ ಕೋಲು ಹಿಡಿದು ನಿಲ್ಲುವುದೂ ಮರದಡಿ ಆಶ್ರಯ ಪಡೆಯುವುದೂ ಪ್ರಾಣಕ್ಕೇ ಎರವಾಗಬಹುದು.

ಕಲಿಕೆಯನ್ನು ಕುಳಿಯ ಬಳಿಯಿಂದ ಆರಂಭಿಸುವುದು ಹಿರಿಯರಿಗೆ ಸರಿಯಾದ ಕ್ರಮ. ಡ್ರೈವರ್ ಎಂಬ ಅತಿ ಉದ್ದದ ಕೋಲು ಹಿಡಿದು ಬಲವಾಗಿ ಬಾರಿಸುವ ಆಸೆ ಎಲ್ಲರಿಗೂ ಇರುತ್ತದೆ, ಸೊಂಟ ಹಿಡಿದುಕೊಳ್ಳುವುದೂ ಅದರಿಂದಲೇ. ಪಾರ್ 72 ಎಂಬ ಲೆಕ್ಕದಲ್ಲೇ ಗ್ರೀನ್ ಮೇಲೆ ಹೋಲಿಗೆ ಎರಡರಂತೆ 36 ಪಟ್‌ಗಳು, ಅಂದರೆ ಚೆಂಡನ್ನು ಉರುಳಿಸುವ ಹೊಡೆತಗಳು, ಸೇರಿವೆ. ಆಟದ ಅರ್ಧ ಭಾಗಕ್ಕೆ ತೋಳ್ಬಲವೇ ಬೇಡ. ಅಭ್ಯಾಸದ ಗ್ರೀನಿನಲ್ಲಿ ಕುಳಿಯಿಂದ ಒಂದು ಮೀಟರ್ ದೂರದಲ್ಲಿ ಚೆಂಡಿಟ್ಟು, ಪಟರ್ ಎಂಬ ಕೋಲನ್ನು ಹಗುರವಾಗಿ ಹಿಡಿದು, ಮಣಿಕಟ್ಟು ಮುರಿಯದೆ ಎರಡೂ ಭುಜಗಳನ್ನು ತೂಗಿಸಿ ತಳ್ಳಬೇಕು. ಕಣ್ಣು ಚೆಂಡಿದ್ದ ಜಾಗದಲ್ಲೇ ಇರಲಿ. ಕುಳಿಯಲ್ಲಿ ಚೆಂಡು ಬಿದ್ದ ಸದ್ದು ಕಿವಿಗೆ ಕೇಳಿದ ಮೇಲೆ ತಲೆ ಎತ್ತಬೇಕು. ಇದು ಕೈಗೆ ಬಂದ ಮೇಲೆ ಎರಡು ಮೀಟರ್, ಮೂರು ಮೀಟರ್. ದೂರ ಹೆಚ್ಚಿದಂತೆ ನೆಲದ ಇಳಿಜಾರು ಓದಬೇಕಾಗುತ್ತದೆ. ಚೆಂಡಿನ ಹಿಂದೆ ಕುಕ್ಕರಿಸಲಾಗದವರು ಬಗ್ಗಿ ನೋಡಿದರೂ ಸಾಕು. ಅಲ್ಲಿ ಒಂದು ಬಿಂದಿಗೆ ನೀರು ಸುರಿದರೆ ಅದು ಯಾವ ಕಡೆ ಹರಿದೀತು ಎಂದು ಅಂದಾಜು ಮಾಡಿದರೆ ಚೆಂಡು ವಾಲುವ ದಿಕ್ಕು ಗೊತ್ತಾಗುತ್ತದೆ. ದಿಕ್ಕಿಗಿಂತ ವೇಗದ ಅಂದಾಜು ಮುಖ್ಯ. ಹತ್ತು ಮೀಟರಿನಿಂದ ಚೆಂಡನ್ನು ಕುಳಿಯ ಪಕ್ಕ ನಿಲ್ಲಿಸಬಲ್ಲವರು, ಹೋಲಿನಿಂದ ಹೋಲಿಗೆ ಹೊಡೆತ ಉಳಿಸುತ್ತ ಹೋಗುತ್ತಾರೆ.

ಆಮೇಲೆ ಗ್ರೀನಿನ ಅಂಚಿನಿಂದ ಮೆಲ್ಲಗೆ ಎತ್ತಿ ಉರುಳಿಸುವ ಚಿಪ್, ಅದಾದ ಮೇಲೆ 7ನೇ ನಂಬರಿನ ಐರನ್ ಎಂಬ ಕೋಲಿನಲ್ಲಿ ಅರ್ಧ ಬೀಸು. ಡ್ರೈವರ್ ಕೊನೆಗೆ. ತರಬೇತಾದ ಗುರುವಿನ ಬಳಿ ಕೆಲವು ಪಾಠ ಹೇಳಿಸಿಕೊಳ್ಳುವುದು ದುಂದಲ್ಲ. ಭಾರತೀಯ ಗಾಲ್ಫ್ ಒಕ್ಕೂಟದ ನ್ಯಾಷನಲ್ ಗಾಲ್ಫ್ ಅಕಾಡೆಮಿ ಕೋಚ್‌ಗಳನ್ನು ತಯಾರು ಮಾಡುತ್ತದೆ. ನಾಲ್ಕು ಜನ ಗೆಳೆಯರು ನಾಲ್ಕು ಬಗೆಯಲ್ಲಿ ಕೊಡುವ ಪುಕ್ಕಟೆ ಸಲಹೆಗಳಿಂದ ಕೆಟ್ಟ ಹಿಡಿತ ಅಭ್ಯಾಸವಾಗಿಬಿಟ್ಟರೆ ಅದನ್ನು ಬಿಡಿಸುವುದು ಕಲಿಸುವುದಕ್ಕಿಂತ ಕಷ್ಟ.

ನಿಯಮದ ಪ್ರಕಾರ 14 ಕೋಲುಗಳವರೆಗೆ ಒಯ್ಯಬಹುದು. ಹೊಸಬರಿಗೆ ಆರೇಳು ಸಾಕು, ಅವೂ ಬಳಸಿದವಾಗಿದ್ದರೆ ನಷ್ಟವಿಲ್ಲ. ಉಕ್ಕಿಗಿಂತ ಹಗುರವಾದ ಗ್ರಾಫೈಟ್ ದಂಡ, ಅದರಲ್ಲೂ ಹೆಚ್ಚು ಬಳುಕುವ ಸೀನಿಯರ್ ಬಗೆಯದು, ನಿಧಾನವಾಗಿ ಬೀಸುವವರಿಗೆ ಅನುಕೂಲ. ಹೊಡೆಯಲು ಕಷ್ಟವಾದ ಉದ್ದ ಐರನ್‌ಗಳ ಬದಲು ಹೈಬ್ರಿಡ್ ಎಂಬ ಕೋಲು ಸಾಕು. ಒಳ್ಳೆಯ ಬೂಟು, ಟೋಪಿ, ನೀರಿನ ಬಾಟಲಿ. ಟೀ ಆಯ್ಕೆಯಲ್ಲಿ ಮರ್ಯಾದೆಯ ಪ್ರಶ್ನೆ ತರಬಾರದು: ಪ್ರತಿ ಹೋಲಿನಲ್ಲೂ ಹಿಂದೆ, ನಡುವೆ, ಮುಂದೆ ಎಂದು ಹಲವು ಟೀಗಳಿರುತ್ತವೆ. ಮುಂದಿನ ಟೀಯಿಂದ ಆಡಿದರೆ ಮೈದಾನ ಸಾವಿರ ಗಜಕ್ಕೂ ಹೆಚ್ಚು ಕಿರಿದಾಗಿ, ಎರಡು ಹೊಡೆತಕ್ಕೆ ಗ್ರೀನ್ ಸಿಗುವ ಸುಖ ಹಿರಿಯರಿಗೂ ದಕ್ಕುತ್ತದೆ.

ನಿಯಮಗಳು 2019ರಲ್ಲಿ ಸರಳಗೊಂಡವು. ಕಳೆದ ಚೆಂಡನ್ನು ಐದು ನಿಮಿಷದ ಬದಲು ಮೂರೇ ನಿಮಿಷ ಹುಡುಕಬಹುದು. ಗ್ರೀನ್ ಮೇಲೆ ಉರುಳಿಸುವಾಗ ಬಾವುಟದ ಕೋಲನ್ನು ಕುಳಿಯಲ್ಲೇ ಬಿಡಬಹುದು. ನಡವಳಿಕೆಯ ರೂಢಿಗಳು ಇದಕ್ಕಿಂತ ಹಳೆಯವು. ಮತ್ತೊಬ್ಬರು ಹೊಡೆಯುವಾಗ ಮಾತು, ಮೊಬೈಲ್ ನಿಲ್ಲಬೇಕು; ಅವರ ಚೆಂಡು ಕುಳಿಗೆ ಹೋಗುವ ಗೆರೆಯನ್ನು ತುಳಿಯಬಾರದು. ಬಂಕರಿನಲ್ಲಿ ಮೂಡಿದ ಹೆಜ್ಜೆಯನ್ನು ಹಲುಬೆ ಎಳೆದು ಸರಿ ಮಾಡಬೇಕು, ಕೋಲು ಕಿತ್ತ ಹುಲ್ಲಿನ ಹೆಂಟೆಯನ್ನು ಮತ್ತೆ ಕೂರಿಸಬೇಕು. ಹಿಂದಿನ ತಂಡ ಬೇಗ ಆಡುವವರಾದರೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಅಡ್ಡಾದಿಡ್ಡಿ ಹಾರಿದ ಚೆಂಡು ಯಾರ ಮೇಲಾದರೂ ಬೀಳುವಂತಿದ್ದರೆ ‘ಫೋರ್!’ ಎಂದು ಕೂಗುವುದು ಕಡ್ಡಾಯ. ಈ ಆಟದಲ್ಲಿ ಸಾಮಾನ್ಯವಾಗಿ ಅಂಪೈರ್ ಜೊತೆಗಿರುವುದಿಲ್ಲ. ತನ್ನ ತಪ್ಪಿಗೆ ತಾನೇ ದಂಡ ಹಾಕಿಕೊಂಡು ಅಂಕಪಟ್ಟಿಗೆ ಬರೆಯಿಸುವ ನಂಬಿಕೆಯ ಮೇಲೆ ಇಡೀ ಆಟ ನಿಂತಿದೆ, ಹಿರಿಯರ ಗೆಳೆತನಕ್ಕೂ ಇದೇ ತಳಹದಿ.

ಭಾರತದ ಮೈದಾನಗಳಲ್ಲಿ ಹೊಸಬರಿಗೆ ಸಿಗುವ ದೊಡ್ಡ ಆಸರೆ ಕ್ಯಾಡಿ. ಚೀಲ ಹೊರುವುದು ಅವರ ಕೆಲಸದ ಒಂದು ಪಾಲು ಮಾತ್ರ. ಯಾವ ಗ್ರೀನ್ ಎತ್ತ ವಾಲುತ್ತದೆ, ಮಳೆ ಬಂದ ಮರುದಿನ ಚೆಂಡು ಎಷ್ಟು ನಿಧಾನವಾಗುತ್ತದೆ ಎಂಬುದು ಅವರಿಗೆ ಕರತಲಾಮಲಕ. ಬಿಡದಿ ಬಳಿಯ ಮೈದಾನದಲ್ಲಿ ಹುಡುಗನಾಗಿದ್ದಾಗ ಕ್ಯಾಡಿಯಾಗಿದ್ದ ಎಸ್. ಚಿಕ್ಕರಂಗಪ್ಪ ಮುಂದೆ ದೇಶದ ಹೆಸರಾಂತ ವೃತ್ತಿಪರ ಆಟಗಾರರಾದರು. ಬೆಂಗಳೂರಿನ ಅದಿತಿ ಅಶೋಕ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಾಗ ತಂದೆ, ನಾಲ್ಕನೇ ಸ್ಥಾನ ಪಡೆದ ಟೋಕಿಯೊ ಕೂಟದಲ್ಲಿ ತಾಯಿ ಅವರಿಗೆ ಕ್ಯಾಡಿಯಾಗಿದ್ದರು.

ಕರ್ನಾಟಕದಲ್ಲಿ ಆಡುವ ಜಾಗಗಳಿಗೆ ತೀರಾ ಬರವಿಲ್ಲ. ಬೆಂಗಳೂರಿನಲ್ಲಿ ಹೈಗ್ರೌಂಡ್ಸ್‌ನ ಹಳೆಯ ಕ್ಲಬ್ಬಿನ ಜೊತೆಗೆ ಹಳೆ ವಿಮಾನ ನಿಲ್ದಾಣ ರಸ್ತೆಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಇದೆ; ಅದರ ಮೈದಾನವನ್ನು ವಿನ್ಯಾಸ ಮಾಡಿದವರು ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಆಸ್ಟ್ರೇಲಿಯದ ಪೀಟರ್ ಥಾಮ್ಸನ್. ಮೈಸೂರಿನಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್, ಮಂಗಳೂರಿನ ಪಿಲಿಕುಳ, ಚಿಕ್ಕಮಗಳೂರು, ಕೊಡಗಿನಲ್ಲಿ ಮಡಿಕೇರಿ ಮತ್ತು ಬಿಟ್ಟಂಗಾಲದ ಮೈದಾನಗಳಿವೆ. ಕಾಫಿ ನಾಡಿನ ಮೈದಾನಗಳಲ್ಲಿ ಏರಿಳಿತ ಹೆಚ್ಚು, ಮಂಡಿ ನೋಯುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೇನೆಯ ಮೈದಾನಗಳು ನಿವೃತ್ತ ಯೋಧರಿಗೆ ಹತ್ತಿರದ ದಾರಿ.

ಖರ್ಚಿನ ವಿಷಯ ಮುಚ್ಚಿಡುವಂತಿಲ್ಲ. ನಗರದ ಹೆಸರಾಂತ ಕ್ಲಬ್ಬುಗಳ ಸದಸ್ಯತ್ವಕ್ಕೆ ಲಕ್ಷಗಟ್ಟಲೆ ಹಣ, ವರ್ಷಗಟ್ಟಲೆ ಕಾಯುವಿಕೆ. ಸ್ಕಾಟ್ಲೆಂಡಿನಲ್ಲಿ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್ ಕೂಡ ಸಾರ್ವಜನಿಕ ಮೈದಾನ. ನಮ್ಮಲ್ಲಿ ಅಂಥ ಮೈದಾನಗಳು ವಿರಳವಾಗಿರುವುದು ಈ ಆಟದ ದೊಡ್ಡ ಕೊರತೆ, ಊರಿಗೊಂದು ಒಂಬತ್ತು ಹೋಲಿನ ಸಾರ್ವಜನಿಕ ಮೈದಾನವಿದ್ದಿದ್ದರೆ ಎಷ್ಟೋ ಹಿರಿಯರ ಬೆಳಗುಗಳು ಬೇರೆಯಾಗುತ್ತಿದ್ದವು. ಸದ್ಯಕ್ಕೆ ಇರುವ ದಾರಿ ಡ್ರೈವಿಂಗ್ ರೇಂಜ್: ಬುಟ್ಟಿ ಚೆಂಡಿಗೆ ಇಷ್ಟೆಂದು ಕೊಟ್ಟು ಅಭ್ಯಾಸ ಮಾಡುವ ಜಾಗ. ಮೂರ್ನಾಲ್ಕು ತಿಂಗಳು ಅಲ್ಲಿ ಕಳೆದು, ಆಟ ಹಿಡಿಸಿತೆಂದು ಖಾತ್ರಿಯಾದ ಮೇಲೆ ದಿನದ ಗ್ರೀನ್ ಫೀ ತೆಗೆದುಕೊಂಡು ಅತಿಥಿಗಳನ್ನು ಬಿಡುವ ಮೈದಾನಗಳಲ್ಲಿ, ದರ ಕಡಿಮೆಯಿರುವ ವಾರದ ದಿನಗಳಲ್ಲಿ ಆಡಬಹುದು. ಸಣ್ಣ ಊರುಗಳ ಕ್ಲಬ್ಬುಗಳಲ್ಲಿ ಶುಲ್ಕ ಎಷ್ಟೋ ಹಗುರ.

ಎಪ್ಪತ್ತೈದು, ಎಂಬತ್ತಾದ ಮೇಲೂ ಆಟ ನಿಲ್ಲಬೇಕಿಲ್ಲ. ತನ್ನ ವಯಸ್ಸಿನಷ್ಟೇ ಅಥವಾ ಅದಕ್ಕಿಂತ ಕಡಿಮೆ ಹೊಡೆತದಲ್ಲಿ 18 ಹೋಲ್ ಮುಗಿಸುವುದು ಗಾಲ್ಫ್‌ನಲ್ಲಿ ಹಿರಿಯರಿಗೇ ಮೀಸಲಾದ ಸಾಧನೆ. 1979ರ ಕ್ವಾಡ್ ಸಿಟೀಸ್ ಓಪನ್‌ನಲ್ಲಿ 67 ವರ್ಷದ ವೃತ್ತಿಪರ ಆಟಗಾರ ಸ್ಯಾಮ್ ಸ್ನೀಡ್ ಒಂದು ಸುತ್ತನ್ನು 67ರಲ್ಲಿ, ಇನ್ನೊಂದನ್ನು 66ರಲ್ಲಿ ಮುಗಿಸಿದರು. ಹವ್ಯಾಸಿಗಳಿಗೆ ಎಂಬತ್ತರ ನಂತರವೇ ಇದು ಕೈಗೆಟುಕುವ ಗುರಿಯಾಗುತ್ತದೆ, ಏಕೆಂದರೆ ವರ್ಷಕ್ಕೊಂದು ಹೊಡೆತ ತಾನಾಗಿಯೇ ಸೇರುತ್ತ ಹೋಗುತ್ತದೆ. ನಡೆಯಲಾಗದವರಿಗೆ ಬ್ಯಾಟರಿ ಗಾಡಿಗಳಿವೆ. 18 ಹೆಚ್ಚೆನಿಸಿದರೆ ಒಂಬತ್ತೇ ಹೋಲ್ ಆಡಿ ಎರಡು ಗಂಟೆಯಲ್ಲಿ ಕಾಫಿಗೆ ಕೂರಬಹುದು. ಒಂಬತ್ತು ಹೋಲಿನ ಅಂಕಪಟ್ಟಿಯನ್ನೂ ಹ್ಯಾಂಡಿಕ್ಯಾಪ್‌ಗೆ ಪರಿಗಣಿಸುತ್ತಾರೆ.